ನಮ್ಮ ರಸ್ತೆ ಬಿಟ್ಟು ಚೆನ್ನಾಗಿರೋ ರಸ್ತೆಗೆ ಯಾಕೆ ಡಾಂಬರು? ನಾವು ಹೇಳಿದರೆ ಕೇಳ್ತಾರಾ?

ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಬಂದು ಎಂಟು ವರ್ಷ ಆಯ್ತು. ನಮ್ಮ ಮನೆ ಮುಂದಿನ ರಸ್ತೆ ಪೂರ್ತಿ ಬಿರುಕು ಬಿಟ್ಟಿದೆ. ಅದನ್ನು ಹಾಗೇ ಬಿಟ್ಟು, ಎರಡು ಬೀದಿ ಆಚೆ ಚೆನ್ನಾಗೇ ಇದ್ದ ರಸ್ತೆಗೆ ಹೋದ ಬೇಸಿಗೆಯಲ್ಲಿ ಹೊಸ ಪದರ ಹಾಕಿದರು. ಬಜೆಟ್ ಬಗ್ಗೆ ಅಭಿಪ್ರಾಯ ಹೇಳಿ ಅಂತ ಪ್ರತಿ ವರ್ಷ ಕೇಳ್ತಾರೆ. ಹೇಳಿದರೆ ನಿಜವಾಗಲೂ ಏನಾದರೂ ಬದಲಾಗುತ್ತಾ? ನಾನಿನ್ನೂ ವೀಸಾದಲ್ಲೇ ಇದ್ದೇನೆ, ವೋಟಿಲ್ಲ.

ಉತ್ತರ: ಬದಲಾಗುತ್ತೆ. ಆದರೆ ಯಾರಿಗೆ ಹೇಳ್ತೀರಿ, ಯಾವಾಗ ಹೇಳ್ತೀರಿ ಅನ್ನೋದು ಮುಖ್ಯ. ಜೂನ್ ತಿಂಗಳ ಬಜೆಟ್ ಸಭೆಯಲ್ಲಿ ಆಡುವ ಮಾತಿಗಿಂತ, ಅದಕ್ಕೂ ಎಷ್ಟೋ ಮುಂಚೆ ರಸ್ತೆ ಯೋಜನೆ ಬರೆಯುವ ಹೊತ್ತಿನಲ್ಲಿ ಆಡಿದ ಮಾತಿಗೆ ತೂಕ ಜಾಸ್ತಿ. ಕನ್ನಡದವರು ತುಂಬಾ ಜನ ಇರುವ ಸ್ಯಾಂಟಾ ಕ್ಲಾರಾ ಕೌಂಟಿಯನ್ನೇ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ) ಇಟ್ಟುಕೊಂಡು ಹೇಳ್ತೀನಿ.

ಮೊದಲು ರಸ್ತೆ ಯಾರದ್ದು ಅಂತ ಗೊತ್ತಿರಬೇಕು. ಸನ್ನಿವೇಲ್‌ನಲ್ಲಿ ಮನೆ ಬಿಟ್ಟು ಹತ್ತು ನಿಮಿಷ ಕಾರು ಓಡಿಸಿದರೆ ಮೂರು ಸರ್ಕಾರಗಳ ರಸ್ತೆ ಸಿಗುತ್ತೆ. ಮನೆ ಬೀದಿ ಸಿಟಿಯದ್ದು. ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಕೌಂಟಿಯದ್ದು. ಎಲ್ ಕಮೀನೊ ರಿಯಲ್ ನೋಡೋಕೆ ಪೇಟೆ ಬೀದಿ ಥರ ಇದ್ದರೂ ಅದು ಸ್ಟೇಟ್ ರೂಟ್ 82, ಕ್ಯಾಲ್‌ಟ್ರಾನ್ಸ್ ಅನ್ನೋ ರಾಜ್ಯದ ಇಲಾಖೆ ಕೈಯಲ್ಲಿದೆ. ಕೌಂಟಿ ನೋಡಿಕೊಳ್ಳೋದು ಲಾರೆನ್ಸ್, ಮಾಂಟೇಗ್, ಸ್ಯಾನ್ ಟೊಮಾಸ್, ಸೆಂಟ್ರಲ್, ಫುಟ್‌ಹಿಲ್ ಮುಂತಾದ ಎಂಟು ಎಕ್ಸ್‌ಪ್ರೆಸ್‌ವೇಗಳನ್ನು. ಅದರ ಜೊತೆಗೆ ಯಾವ ಸಿಟಿಗೂ ಸೇರದ ಜಾಗಗಳ ರಸ್ತೆಗಳು: ಸ್ಯಾನ್ ಮಾರ್ಟಿನ್ ಥರದ ಊರು, ಸ್ಯಾನ್ ಹೊಸೆ ನಡುವೆ ಅಲ್ಲಲ್ಲಿ ಉಳಿದುಕೊಂಡ ತುಂಡು ಬಡಾವಣೆಗಳು. ನಿಮ್ಮ ಮನೆ ಸಿಟಿ ಗಡಿಯೊಳಗೆ ಇದ್ದರೆ, ಮನೆ ಮುಂದಿನ ಬೀದಿ ಬಗ್ಗೆ ಕೌಂಟಿಗೆ ಎಷ್ಟು ಸಲ ಬರೆದರೂ ಅವರು ಅಲ್ಲಿ ಕೈ ಇಡೋ ಹಾಗಿಲ್ಲ. ವಿಳಾಸ ತಪ್ಪಿದ್ದಕ್ಕೇ ಎಷ್ಟೋ ಒಳ್ಳೆಯ ದೂರುಗಳು ಹಾಳಾಗ್ತವೆ.

ಇನ್ನು ನಿಮ್ಮ ಹೊಟ್ಟೆ ಉರಿಸಿದ ವಿಷಯಕ್ಕೆ ಬರೋಣ. ಚೆನ್ನಾಗಿದ್ದ ರಸ್ತೆಗೆ ಯಾಕೆ ಮತ್ತೆ ಪದರ?

ಒಂದು ದಿನ ಬೆಳಗ್ಗೆ ನಿಮ್ಮ ಬೀದಿಯನ್ನು ಬಗ್ಗಿ ನೋಡಿ. ಕೂದಲೆಳೆಯಂಥ ಬಿರುಕು ಅಲ್ಲೊಂದು ಇಲ್ಲೊಂದು ಇದ್ದರೆ ಮೇಲಿನ ಪದರಕ್ಕೆ ಮಾತ್ರ ವಯಸ್ಸಾಗಿದೆ. ಬಿರುಕುಗಳು ಒಂದಕ್ಕೊಂದು ಕೂಡಿ ಮೊಸಳೆ ಚರ್ಮದ ಹಾಗೆ ತುಂಡು ತುಂಡಾಗಿ ಕಂಡರೆ ಕೆಳಗಿನ ತಳವೇ ಸೋತಿದೆ. ಇಂಜಿನಿಯರುಗಳೂ ಅದನ್ನು ಮೊಸಳೆ ಬಿರುಕು ಅಂತಲೇ ಕರೀತಾರೆ. ಮೊದಲನೆಯದಕ್ಕೆ ಬಿರುಕು ತುಂಬಿ, ಮೇಲೆ ತೆಳ್ಳಗೆ ಸ್ಲರಿ ಸೀಲ್ ಅನ್ನೋ ಡಾಂಬರಿನ ಲೇಪ ಎಳೆದರೆ ಸಾಕು, ನೀರು ಒಳಗೆ ಇಳಿಯಲ್ಲ. ಎರಡನೆಯದಕ್ಕೆ ಮೇಲಿಂದ ಏನು ಬಳಿದರೂ ನಿಲ್ಲಲ್ಲ. ಅಗೆದು, ತಳ ಕಟ್ಟಿ, ಹೊಸದಾಗಿ ಹಾಕಬೇಕು. ಖರ್ಚು ಎಷ್ಟೋ ಪಟ್ಟು ಏರುತ್ತೆ.

ಬೇ ಏರಿಯಾದ ಸಿಟಿಗಳು, ಕೌಂಟಿಗಳು ತಮ್ಮ ರಸ್ತೆಗಳಿಗೆಲ್ಲ ಸೊನ್ನೆಯಿಂದ 100ರವರೆಗೆ ಅಂಕ ಹಾಕ್ತವೆ. ಪಿಸಿಐ ಅಂತ ಅದರ ಹೆಸರು, ಪೇವ್‌ಮೆಂಟ್ ಕಂಡಿಷನ್ ಇಂಡೆಕ್ಸ್. 60ರ ಕೆಳಗೆ ಜಾರಿದ ರಸ್ತೆ ಬೇಗ ಬೇಗ ಹಾಳಾಗುತ್ತೆ. ಇಡೀ ಬೇ ಏರಿಯಾದ ಸರಾಸರಿ ವರ್ಷಗಟ್ಟಲೆ 67ರ ಹತ್ತಿರವೇ ನಿಂತಿದೆ, ಅಂದರೆ ಜಾರುವ ಅಂಚಿನಲ್ಲೇ. ಅದಕ್ಕೇ 70 ಅಂಕದ ರಸ್ತೆಯನ್ನು ಮೊದಲು ಹಿಡಿದು ನಿಲ್ಲಿಸ್ತಾರೆ. 30 ಅಂಕದ ಒಂದು ರಸ್ತೆಗೆ ಸುರಿಯುವ ಹಣದಲ್ಲಿ 70 ಅಂಕದ ಹಲವು ರಸ್ತೆಗಳು ಉಳೀತವೆ. ಲೆಕ್ಕ ಸರಿಯೇ. ಆದರೆ ಅದರಿಂದ ನೋಯೋದು ಯಾರು? ಮೊದಲೇ ಕೆಟ್ಟ ರಸ್ತೆಯಲ್ಲಿ ಬದುಕ್ತಿರೋರು. ಒಂದು ಬೀದಿ 30ಕ್ಕೆ ಇಳಿದ ಮೇಲೆ ಬರೀ ಅಂಕದ ಲೆಕ್ಕದಲ್ಲಿ ಅದು ಕೊನೆಗೇ ಹೋಗುತ್ತೆ. ಅದನ್ನು ಮುಂದಕ್ಕೆ ತರೋಕೆ ಯಾರಾದರೂ ಬಾಯಿ ಬಿಟ್ಟು ಹೇಳಬೇಕು. ಆ ಬೀದಿಯಲ್ಲಿ ವೀಲ್‌ಚೇರ್ ತಳ್ಳಿಕೊಂಡು ಹೋಗೋರು ಇದ್ದಾರೆ, ಮಕ್ಕಳು ಸ್ಕೂಲಿಗೆ ಸೈಕಲ್ ತುಳಿದುಕೊಂಡು ಹೋಗ್ತಾರೆ, ಇದು ಅಂಕದಲ್ಲಿ ಇರಲ್ಲ. ಜನರ ಮಾತಿಗೆ ನಿಜವಾದ ಕೆಲಸ ಇರೋದು ಇಲ್ಲಿ ಅಂತ ನನ್ನ ನಂಬಿಕೆ. ಸಭೆಗೆ ಹೋಗುವ ಮುಂಚೆ ನಿಮ್ಮ ರಸ್ತೆಯ ಪಿಸಿಐ ಎಷ್ಟು ಅಂತ ರಸ್ತೆ ಯಾರದ್ದೋ ಆ ಸಿಟಿ ಅಥವಾ ಕೌಂಟಿ ಕಚೇರಿಯನ್ನು ಕೇಳಿ. ಕೇಳೋ ಹಕ್ಕು ನಿಮಗಿದೆ.

"ಇಷ್ಟು ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಲ್ಲ" ಅಂತ ಎಲ್ಲರೂ ಹೇಳ್ತಾರೆ. ಕೌಂಟಿ ರಸ್ತೆಗೆ ಬರೋ ಹಣದಲ್ಲಿ ದೊಡ್ಡ ಪಾಲು ಅದರಿಂದ ಬರೋದಲ್ಲ. ಪೆಟ್ರೋಲ್ ಮೇಲಿನ ರಾಜ್ಯ ತೆರಿಗೆ ಮುಖ್ಯ. 2017ರ ಎಸ್‌ಬಿ 1 ಕಾನೂನು ಗ್ಯಾಲನ್ನಿಗೆ 12 ಸೆಂಟ್ ಹೆಚ್ಚಿಸಿತು. 2018ರಲ್ಲಿ ಅದನ್ನು ರದ್ದು ಮಾಡಬೇಕು ಅಂತ ಪ್ರೊಪೊಸಿಷನ್ 6 ಅನ್ನೋ ಪ್ರಸ್ತಾವ ರಾಜ್ಯದ ಜನರ ವೋಟಿಗೆ ಬಂತು, ಜನ ರದ್ದು ಬೇಡ ಅಂದರು. ಆ ಕಾನೂನಿನಲ್ಲಿ ನಮಗೆ ಬೇಕಾದ ಒಂದು ಮಾತಿದೆ. ಈ ಹಣ ಬೇಕಾದರೆ ಪ್ರತಿ ಸಿಟಿ, ಪ್ರತಿ ಕೌಂಟಿ ಯಾವ ರಸ್ತೆಗೆ ಖರ್ಚು ಮಾಡ್ತೀವಿ ಅನ್ನೋ ಪಟ್ಟಿಯನ್ನು ವರ್ಷಾವರ್ಷ ಬಹಿರಂಗ ಸಭೆಯಲ್ಲಿ ಒಪ್ಪಿ, ರಾಜ್ಯದ ಸಾರಿಗೆ ಆಯೋಗಕ್ಕೆ ಕಳಿಸಬೇಕು. ಊರಲ್ಲಿ ಗ್ರಾಮಸಭೆ ನೋಡಿದವರಿಗೆ ಇದು ಗೊತ್ತಿರೋ ವಿಷಯವೇ: ಪಟ್ಟಿ ಓದುವಾಗ ಎದ್ದು ನಿಂತವರ ಕೆಲಸ ಪಟ್ಟಿಗೆ ಸೇರುತ್ತೆ.

ಇನ್ನೊಂದು ದೊಡ್ಡ ಗಂಟು ಮೆಷರ್ ಬಿ. 2016ರ ನವೆಂಬರ್‌ನಲ್ಲಿ ಕೌಂಟಿಯ ಜನ ಅರ್ಧ ಸೆಂಟ್ ಸೇಲ್ಸ್ ಟ್ಯಾಕ್ಸ್‌ಗೆ ವೋಟು ಹಾಕಿದರು. 100 ಡಾಲರ್ ಸಾಮಾನು ಕೊಂಡರೆ 50 ಸೆಂಟ್, 30 ವರ್ಷ. ಪಾಸಾಗೋಕೆ ಮೂರರಲ್ಲಿ ಎರಡು ಪಾಲು ವೋಟು ಬೇಕಿತ್ತು, ಅದಕ್ಕಿಂತ ಜಾಸ್ತಿಯೇ ಬಿತ್ತು. ಒಟ್ಟು ಅಂದಾಜು 630 ಕೋಟಿ ಡಾಲರ್. ಅದರಲ್ಲಿ 120 ಕೋಟಿ ಸ್ಥಳೀಯ ಬೀದಿಗಳಿಗೆ, 75 ಕೋಟಿ ಕೌಂಟಿ ಎಕ್ಸ್‌ಪ್ರೆಸ್‌ವೇಗಳಿಗೆ, 25 ಕೋಟಿ ಸೈಕಲ್ ಮತ್ತು ನಡೆಯುವವರ ದಾರಿಗೆ, ಬಾರ್ಟ್ ರೈಲಿಗೆ 150 ಕೋಟಿ. ಹೀಗೆ ಒಂದೊಂದು ಪಾಲಿಗೂ ಹೆಸರು ಬರೆದೇ ಜನರ ಮುಂದಿಟ್ಟರು.

ಈ ಪಾಲುಗಳನ್ನು ಯಾವಾಗ ತೀರ್ಮಾನಿಸಿದರು ಗೊತ್ತಾ? ವೋಟಿಗೂ ಮುಂಚೆ. ಸಾರಿಗೆ ಸಂಸ್ಥೆ ವಿಟಿಎ "ಎನ್ವಿಷನ್ ಸಿಲಿಕಾನ್ ವ್ಯಾಲಿ" ಅಂತ ಹೆಸರಿಟ್ಟು ಜನರನ್ನು, ಸಿಟಿಗಳನ್ನು, ಸಂಘಟನೆಗಳನ್ನು ಕೇಳ್ತಾ ಹೋಯಿತು. ಎಕ್ಸ್‌ಪ್ರೆಸ್‌ವೇ ಹಣವಂತೂ ಕೌಂಟಿಯ ಎಕ್ಸ್‌ಪ್ರೆಸ್‌ವೇ ಯೋಜನೆಯಲ್ಲಿ "ಟಿಯರ್ 1" ಅಂದರೆ ಮೊದಲ ಸಾಲಿನಲ್ಲಿ ಇರುವ ಕೆಲಸಗಳಿಗೇ ಅಂತ ಬರೆದಿದೆ. ಲಾರೆನ್ಸ್ ಎಕ್ಸ್‌ಪ್ರೆಸ್‌ವೇಯನ್ನು ಕೆಲವು ದೊಡ್ಡ ಜಂಕ್ಷನ್‌ಗಳಲ್ಲಿ ಅಡ್ಡ ರಸ್ತೆಗಿಂತ ಬೇರೆ ಮಟ್ಟದಲ್ಲಿ ಓಡಿಸುವ ಕೆಲಸ ಆ ಸಾಲಿನಲ್ಲಿದೆ. ಆ ಸಾಲು ಬರೆಯುವಾಗ ಮಾತಾಡಿದವರ ಮಾತು ಹಣವಾಯಿತು. ಆಮೇಲೆ ಬಂದವರು ಮುಂದಿನ ಯೋಜನೆವರೆಗೆ ಕಾಯಬೇಕು. ಹಾಗಾಗಿ ರಸ್ತೆ ಯೋಜನೆ, ಸೈಕಲ್ ಯೋಜನೆ ಅಂತ ಸಭೆ ಕರೆದಾಗ "ಇದೆಲ್ಲ ಇನ್ನೂ ಹತ್ತು ವರ್ಷದ ಮಾತು" ಅಂತ ಬಿಡಬೇಡಿ. ಹಣ ಹುಟ್ಟೋದು ಅಲ್ಲೇ.

ಹಾಗಾದರೆ ಬಜೆಟ್ ಸಭೆ ಸುಮ್ನೆನಾ? ಖಂಡಿತ ಅಲ್ಲ. ಕೌಂಟಿಯ ಲೆಕ್ಕದ ವರ್ಷ ಜುಲೈ 1ಕ್ಕೆ ಶುರು. ಮೇ ತಿಂಗಳಿನಲ್ಲಿ ಕರಡು ಜನರ ಮುಂದೆ ಬರುತ್ತೆ, ಜೂನ್‌ನಲ್ಲಿ ಐವರು ಸೂಪರ್‌ವೈಸರ್‌ಗಳು, ಅಂದರೆ ಕೌಂಟಿಯ ಜನ ಆರಿಸಿದ ಪ್ರತಿನಿಧಿಗಳು, ಕೂತು ಒಪ್ತಾರೆ. ಸಣ್ಣ ಕೆಲಸಗಳು ಆಗಲೂ ಸೇರಿಕೊಳ್ತವೆ: ಒಂದು ಫುಟ್‌ಪಾತ್ ತುಂಡು, ಒಂದು ಸಿಗ್ನಲ್. ಆದರೆ ಜೂನ್‌ವರೆಗೆ ಕಾಯೋದಕ್ಕಿಂತ, ಚಳಿಗಾಲದಲ್ಲೇ ನಿಮ್ಮ ಸೂಪರ್‌ವೈಸರ್ ಕಚೇರಿಗೆ ಅಥವಾ ಸಿಟಿ ಕೌನ್ಸಿಲ್ ಸದಸ್ಯರಿಗೆ ಬರೆಯೋದು ಒಳ್ಳೆಯದು. ಇಲಾಖೆಗಳು ಆಗಲೇ ತಮ್ಮ ಪಟ್ಟಿ ಬರೀತಿರ್ತವೆ.

ಏನು ಬರೀಬೇಕು? ಕಣ್ಣಾರೆ ಕಂಡಿದ್ದನ್ನು. ನಮ್ಮಮ್ಮ ತುಮಕೂರಿನಿಂದ ಬಂದಿದ್ದಾಗ ಇಲ್ಲೊಂದು ದೊಡ್ಡ ಕ್ರಾಸಿಂಗ್‌ನಲ್ಲಿ ದಾಟೋಕೆ ಹೆದರ್ತಿದ್ದರು. "ಅರ್ಧಕ್ಕೆ ಹೋಗೋಷ್ಟರಲ್ಲಿ ಕೆಂಪು ಕೈ ಬಂದ್ಬಿಡುತ್ತೆ ಕಣೋ" ಅಂದರು. ನಾನು ಮೊಬೈಲಿನಲ್ಲಿ ಟೈಮ್ ಹಿಡಿದೆ. ಸಿಗ್ನಲ್ ಲೆಕ್ಕ ಹಾಕುವಾಗ ಮನುಷ್ಯ ಸೆಕೆಂಡಿಗೆ 3.5 ಅಡಿ ನಡೀತಾನೆ ಅಂತ ಸಾಮಾನ್ಯವಾಗಿ ಇಟ್ಟುಕೊಳ್ತಾರೆ. 84 ಅಡಿ ಅಗಲದ ರಸ್ತೆಗೆ 24 ಸೆಕೆಂಡ್. ಅಮ್ಮನಿಗೆ ಅದೇ 84 ಅಡಿ ದಾಟೋಕೆ 35 ಸೆಕೆಂಡ್ ಬೇಕಿತ್ತು. "ಈ ಕ್ರಾಸಿಂಗ್ ಅಪಾಯ" ಅಂತ ಬರೆದ ಪತ್ರ ಫೈಲಿಗೆ ಸೇರುತ್ತೆ. "84 ಅಡಿ, 24 ಸೆಕೆಂಡ್, 72 ವರ್ಷದವರಿಗೆ 35 ಬೇಕು" ಅಂತ ಬರೆದ ಪತ್ರ ಇಂಜಿನಿಯರ್ ಟೇಬಲ್ಲಿಗೆ ಹೋಗುತ್ತೆ, ಯಾಕಂದರೆ ಅದು ಅವರದೇ ಭಾಷೆ.

ಕೊನೆಗೆ ನಿಮ್ಮ ವೋಟಿನ ವಿಷಯ. ಸಭೆಯಲ್ಲಿ ಮಾತಾಡೋಕೆ ಸಿಟಿಜನ್ ಆಗಿರಬೇಕಿಲ್ಲ, ಹಸಿರು ಕಾರ್ಡೂ ಬೇಕಿಲ್ಲ. 1953ರಿಂದ ಇಲ್ಲಿ ಬ್ರೌನ್ ಆ್ಯಕ್ಟ್ ಅನ್ನೋ ಕಾನೂನಿದೆ. ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮುಂಚೆ ಹೊರಗೆ ಹಾಕಲೇಬೇಕು, ಜನರಿಗೆ ಮಾತಾಡೋಕೆ ಅವಕಾಶ ಕೊಡಲೇಬೇಕು. ಸಭೆಗೆ ಬರಬೇಕಾದರೆ ಹೆಸರು ಬರೀಲೇಬೇಕು ಅಂತ ಯಾರೂ ಒತ್ತಾಯಿಸೋ ಹಾಗಿಲ್ಲ. ಗ್ಯಾಲನ್ನಿಗೆ 12 ಸೆಂಟ್, 100 ಡಾಲರಿಗೆ 50 ಸೆಂಟ್ ನೀವೂ ಕೊಡ್ತಿದ್ದೀರಿ ಅಲ್ವಾ? ಸಂಕೋಚ ಪಡಬೇಡಿ.

ಇಂಗ್ಲಿಷ್ ಬರದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಭಾಷಾಂತರ ಮಾಡೋರ ಸಹಾಯದಿಂದ ಮಾತಾಡುವವರಿಗೆ ಕಡಿಮೆ ಅಂದರೂ ಎರಡು ಪಟ್ಟು ಸಮಯ ಕೊಡಬೇಕು ಅಂತ ಅದೇ ಕಾನೂನು ಹೇಳುತ್ತೆ. ಎಲ್ಲರಿಗೂ ಎರಡು ನಿಮಿಷ ಅಂದರೆ ನಿಮ್ಮ ತಾಯಿಗೆ ನಾಲ್ಕು. ಅವರು ಕನ್ನಡದಲ್ಲಿ ಹೇಳಲಿ, ನೀವು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಿ.