ದಿನಾ 15 ನಿಮಿಷವೋ, ಭಾನುವಾರ 2 ಗಂಟೆಯೋ?

ಓದುಗರ ಪ್ರಶ್ನೆ: ನನಗೀಗ 43 ವರ್ಷ. ಚಿಕ್ಕಂದಿನ ಆಸೆ ಅಂತ ಮೂರು ತಿಂಗಳ ಹಿಂದೆ ಸಂಗೀತ ಪಾಠಕ್ಕೆ ಸೇರಿದೆ. ದಿನಾ 15 ನಿಮಿಷ ಅಭ್ಯಾಸ ಮಾಡಿ ಅಂತಾರೆ ಮೇಡಂ. ಆಫೀಸು, ಮನೆ, ಮಕ್ಕಳ ಮಧ್ಯೆ ಅದೇ ಕಷ್ಟ. ಮಾಡಿದರೂ ಮುಂದೆ ಹೋದ ಹಾಗೆ ಅನಿಸುವುದಿಲ್ಲ, ಇನ್ನೂ ಮೊದಲ ಪಾಠವಾದ ಸರಳೆ ವರಸೆಯಲ್ಲೇ ಇದ್ದೇನೆ. ಅದರ ಬದಲು ಭಾನುವಾರ ಒಂದೇ ಸಲ 2 ಗಂಟೆ ಕೂತರೆ ಆಗಲ್ವಾ?

ಉತ್ತರ:

ಬರೀ ಲೆಕ್ಕ ನೋಡಿದರೆ ಭಾನುವಾರವೇ ವಾಸಿ. ದಿನಾ 15 ನಿಮಿಷ ಅಂದರೆ ವಾರಕ್ಕೆ 105 ನಿಮಿಷ, ನಿಮ್ಮ 2 ಗಂಟೆಗಿಂತ ಕಾಲು ಗಂಟೆ ಕಡಿಮೆ. ಆದರೂ ದಯವಿಟ್ಟು ಬದಲಾಯಿಸಬೇಡಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಯಾಕಂದ್ರೆ ನೀವು ಕೇಳಿರುವುದು ಎರಡು ಪ್ರಶ್ನೆ. ಯಾವ ಅಭ್ಯಾಸ ಫಲ ಕೊಡುತ್ತದೆ ಅನ್ನುವುದು ಒಂದು. ದಿನಾ ಮಾಡಿದರೂ ಆ ಫಲ ಯಾಕೆ ಕಣ್ಣಿಗೆ ಬೀಳುವುದಿಲ್ಲ ಅನ್ನುವುದು ಇನ್ನೊಂದು.

ಮೊದಲು ಬ್ರಿಟನ್ನಿನ ಪೋಸ್ಟ್‌ಮ್ಯಾನ್‌ಗಳ ಕಥೆ ಹೇಳುತ್ತೇನೆ. ಅಲ್ಲಿ ಕಾಗದ ವಿಂಗಡಿಸುವುದಕ್ಕೆ ಯಂತ್ರ ಬಂದಾಗ, ಅವರು ಟೈಪ್ ಮಾಡುವುದನ್ನು ಕಲಿಯಬೇಕಾಯಿತು. ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಇಬ್ಬರು ಸಂಶೋಧಕರು ಅವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1 ಗಂಟೆ ಮಾತ್ರ. ಇನ್ನೊಂದಕ್ಕೆ ಒಂದೇ ಸಲ 2 ಗಂಟೆ. ಮೂರನೆಯದಕ್ಕೆ ಒಂದೊಂದು ಗಂಟೆಯ ಹಾಗೆ ಎರಡು ಸಲ. ಕೊನೆಯದಕ್ಕೆ ಎರಡೆರಡು ಗಂಟೆ ಎರಡು ಸಲ, ಅಂದರೆ ದಿನಕ್ಕೆ 4 ಗಂಟೆ. 1978ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೀಲಿಮಣೆ ಮುಂದೆ ಕೂತ ಗಂಟೆಗಳನ್ನು ಎಣಿಸಿದರೆ, ದಿನಕ್ಕೆ ಒಂದೇ ಗಂಟೆ ಕಲಿತವರು ಎಲ್ಲರಿಗಿಂತ ಕಡಿಮೆ ಗಂಟೆಯಲ್ಲಿ ಕಲಿತಿದ್ದರು. 4 ಗಂಟೆಯವರು ಅದೇ ಮಟ್ಟಕ್ಕೆ ಬರಲು ತುಂಬಾ ಜಾಸ್ತಿ ಗಂಟೆ ಕೂರಬೇಕಾಯಿತು.

ಈ ಪ್ರಯೋಗದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಮಾತು ಇನ್ನೊಂದಿದೆ. ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಅಸಮಾಧಾನ ಇದ್ದದ್ದು ಯಾರಿಗೆ ಗೊತ್ತಾ? ಇದೇ 1 ಗಂಟೆಯವರಿಗೆ. ದಿನಗಳ ಲೆಕ್ಕದಲ್ಲಿ ಅವರು ಹಿಂದಿದ್ದರು, ಪಕ್ಕದ ಗುಂಪಿನವರು ಆಗಲೇ ಮುಂದೆ ಹೋಗಿದ್ದರು. ಹಾಗಾಗಿ ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಿದ್ದವರಿಗೇ ತಾವು ಕಲಿಯುತ್ತಿಲ್ಲ ಅನ್ನಿಸಿತ್ತು. ನಿಮ್ಮ ಪತ್ರ ಓದಿದಾಗ ನನಗೆ ನೆನಪಾದದ್ದು ಅವರೇ.

ಹಾಡುವುದು ಟೈಪಿಂಗ್ ಅಲ್ಲ, ಒಪ್ಪುತ್ತೇನೆ. ಆದರೆ ಎರಡರಲ್ಲೂ ಪಳಗಬೇಕಾದದ್ದು ದೇಹ, ಅಲ್ಲಿ ಬೆರಳು, ಇಲ್ಲಿ ಗಂಟಲು ಮತ್ತು ಉಸಿರು. ಇಂಥ ಕಲಿಕೆಯ ಒಂದು ಭಾಗ ನಾವು ಅಭ್ಯಾಸ ನಿಲ್ಲಿಸಿದ ಮೇಲೆ ನಡೆಯುತ್ತದೆ. ರಾತ್ರಿ ನಿದ್ದೆಯಲ್ಲಿ ಮಿದುಳು ಅದನ್ನು ಗಟ್ಟಿ ಮಾಡಿಕೊಳ್ಳುತ್ತದೆ. ದಿನಾ ಹಾಡಿದರೆ ವಾರದಲ್ಲಿ ಏಳು ರಾತ್ರಿ ಸಿಗುತ್ತವೆ. ಭಾನುವಾರ ಮಾತ್ರ ಹಾಡಿದರೆ ಒಂದೇ ರಾತ್ರಿ, ಆಮೇಲೆ ಆರು ದಿನ ಮರೆಯುವುದಕ್ಕೆ. ಅದೂ ಅಲ್ಲದೆ ಹೊಸ ಗಂಟಲು 2 ಗಂಟೆ ತಡೆಯುವುದಿಲ್ಲ. ಅರ್ಧ ಗಂಟೆಯಾದ ಮೇಲೆ ದಣಿದ ಗಂಟಲಲ್ಲಿ ತಪ್ಪು ಸ್ವರ ಹಿಡಿಯುತ್ತೀರಿ, ಉಳಿದ ಒಂದೂವರೆ ಗಂಟೆ ಆ ತಪ್ಪನ್ನೇ ಅಭ್ಯಾಸ ಮಾಡುತ್ತೀರಿ.

ಈಗ ಸರಳೆ ವರಸೆಯ ವಿಷಯಕ್ಕೆ ಬರೋಣ. "ಇನ್ನೂ ಸರಳೆಯಲ್ಲೇ" ಅಂತ ಬೇಜಾರಿನಿಂದ ಬರೆದಿದ್ದೀರಿ. ಆದರೆ ಅದನ್ನು ಜೋಡಿಸಿರುವ ಬಗೆ ನೋಡಿ. ಈ ಪಾಠಕ್ರಮವನ್ನು ರೂಪಿಸಿದವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ, ಅವರನ್ನು ಸಂಗೀತ ಪಿತಾಮಹ ಅನ್ನುವುದೂ ಅದಕ್ಕೇ. ಮೊದಲ ಪಾಠಕ್ಕೆ ಆರಿಸಿದ ರಾಗ ಮಾಯಾಮಾಳವಗೌಳ. ಅದರಲ್ಲಿ ಸ ರಿ ಗ ಮ ನಡುವಿನ ಅಂತರ ಹೇಗಿದೆಯೋ, ಪ ದ ನಿ ಸ ನಡುವೆಯೂ ಹಾಗೇ ಇದೆ. ಕೆಳಗಿನ ಅರ್ಧ ಕಲಿತರೆ ಮೇಲಿನ ಅರ್ಧದ ದಾರಿ ಗೊತ್ತಾದ ಹಾಗೆ. ಆಮೇಲೆ ಆದಿ ತಾಳದ 8 ಅಕ್ಷರ, ಅಂದರೆ 8 ಎಣಿಕೆ. ಮೊದಲ ಕಾಲದಲ್ಲಿ, ಅಂದರೆ ಮೊದಲ ವೇಗದಲ್ಲಿ, ಅಕ್ಷರಕ್ಕೆ ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ತಾಳ ಅದೇ ವೇಗದಲ್ಲಿರುತ್ತದೆ, ನೀವು ಮಾತ್ರ ಬೆಳೆಯುತ್ತಾ ಹೋಗುತ್ತೀರಿ. ಒಂದು ವರಸೆಯನ್ನು ಮೂರೂ ಕಾಲದಲ್ಲಿ ಹಾಡುವುದಕ್ಕೆ ಕೆಲವೇ ನಿಮಿಷ ಸಾಕು. ದಿನಾ ಸ್ವಲ್ಪ ಸ್ವಲ್ಪ ಹಾಡಲಿ ಅಂತಲೇ ಕಟ್ಟಿದ ಹಾಗಿದೆ ಇದು.

ನಾನು ಸೇರಿದ್ದು 38ಕ್ಕೆ. ನನ್ನ ಕಷ್ಟ ರಿಷಭದ್ದು, ಅಂದರೆ ರಿ ಸ್ವರದ್ದು. ಷಡ್ಜದ, ಅಂದರೆ ಸ ಸ್ವರದ ಪಕ್ಕದಲ್ಲೇ ನಿಲ್ಲಬೇಕಾದ ಆ ರಿ, ಪ್ರತಿ ಸಲ ಮೇಲಕ್ಕೆ ಜಾರುತ್ತಿತ್ತು. ನನ್ನ ಕಿವಿಗೆ ಅದು ಕೇಳಿಸುತ್ತಲೇ ಇರಲಿಲ್ಲ, ಟೀಚರ್ ಹೇಳಿದಾಗ ನಂಬಿದೆ ಅಷ್ಟೇ. ನಾಲ್ಕನೇ ತಿಂಗಳಲ್ಲಿ ಅದು ಕೇಳಿಸಲು ಶುರುವಾಯಿತು. ಅಂದಿನಿಂದ ನನ್ನ ಹಾಡು ಮೊದಲಿಗಿಂತ ಕೆಟ್ಟದಾಗಿ ಕೇಳತೊಡಗಿತು, ತಪ್ಪು ಈಗ ಗೊತ್ತಾಗುತ್ತಿತ್ತಲ್ಲ! ಬಿಟ್ಟುಬಿಡೋಣ ಅನ್ನಿಸಿದ್ದು ಆವಾಗಲೇ. ಕಲಿಯುವವರ ಕಿವಿ ಗಂಟಲಿಗಿಂತ ಮುಂಚೆ ಬೆಳೆಯುತ್ತದೆ ಅಂತ ಟೀಚರ್ ಸಮಾಧಾನ ಹೇಳಿದರು. ನೀವು ಮುಂದೆ ಹೋಗಿಲ್ಲ ಅನ್ನುತ್ತೀರಲ್ಲ, ಬಹುಶಃ ನಿಮ್ಮ ಕಿವಿಯೇ ನಿಮಗಿಂತ ಸ್ವಲ್ಪ ಮುಂದೆ ಹೋಗಿದೆ.

ಇನ್ನು "ಅದೇ ಕಷ್ಟ" ಅಂದಿರಲ್ಲ, ದಿನಾ ಕೂರುವುದು. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತ ಯಾರಾದರೂ ಹೇಳಿರುತ್ತಾರೆ. ಆ 21ರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ಅವರು 1960ರಲ್ಲಿ ಬರೆದರು. "ಕಡಿಮೆ ಅಂದರೂ" ಅನ್ನುವುದು ಬಾಯಿಂದ ಬಾಯಿಗೆ ಹೋಗುವಾಗ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 84 ದಿನ ಗಮನಿಸಿ ನೋಡಿದ್ದಾರೆ. ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಬೇಕಾದದ್ದು ಸುಮಾರು 66 ದಿನ. ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ (84 ದಾಟಿದ್ದು ಲೆಕ್ಕ ಹಾಕಿ ಅಂದಾಜು ಮಾಡಿದ್ದು). ನೀರು ಕುಡಿಯುವಂಥದ್ದು ಬೇಗ ರೂಢಿಯಾಗುತ್ತದೆ, ವ್ಯಾಯಾಮ ನಿಧಾನ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಅನ್ನುವುದೂ ಅದೇ ಅಧ್ಯಯನದಲ್ಲಿ ಕಂಡದ್ದು.

ಈ ಕೊನೆಯದು ನನಗೆ ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು. ಒಂದು ಸಲ ಜ್ವರ ಬಂತು, ಹಿಂದೆಯೇ ಊರಲ್ಲಿ ಮದುವೆ, ಹನ್ನೊಂದು ದಿನ ಶ್ರುತಿ ಪೆಟ್ಟಿಗೆ ಮುಟ್ಟಲಿಲ್ಲ. ಎಲ್ಲಾ ಹಾಳಾಯಿತು, ಮತ್ತೆ ಮೊದಲಿನಿಂದ ಮಾಡಬೇಕು ಅಂದುಕೊಂಡು, ಒಳ್ಳೆಯ ದಿನ ನೋಡಿ ಶುರು ಮಾಡೋಣ ಅಂತ ಮುಂದೂಡಿ ಮುಂದೂಡಿ ಐದು ತಿಂಗಳು ಕಳೆದೆ. ನಷ್ಟ ಮಾಡಿದ್ದು ಆ ಹನ್ನೊಂದು ದಿನವಲ್ಲ, ಆಮೇಲಿನ ಐದು ತಿಂಗಳು.

ದಿನಾ ನಡೆಯುವ ಕೆಲಸ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ನಮ್ಮ ಮನೆ ಬಾಗಿಲನ್ನೇ ನೋಡಿ. ನಮ್ಮಮ್ಮ ಬೆಳಗ್ಗೆ ಎದ್ದು ಅಂಗಳ ಗುಡಿಸುತ್ತಾರೆ, ನೀರು ಹಾಕುತ್ತಾರೆ, ರಂಗೋಲಿ ಇಡುತ್ತಾರೆ. ಇವತ್ತು ಮನಸ್ಸಿದೆಯಾ ಅಂತ ಯಾವತ್ತೂ ಕೇಳಿಕೊಂಡವರಲ್ಲ. ನೀರು ಹಾಕಿದ್ದೇ ಕೈ ರಂಗೋಲಿ ಡಬ್ಬಿಗೆ ಹೋಗುತ್ತದೆ. ಹಬ್ಬ ಅಂದರೆ ಬಾಗಿಲ ತುಂಬಾ ಚುಕ್ಕಿ ಇಟ್ಟು ಬಿಡಿಸುತ್ತಾರೆ. ಮೈ ಸರಿ ಇಲ್ಲದ ದಿನ ಎರಡೆಳೆ ಎಳೆದು ಒಳಗೆ ಬರುತ್ತಾರೆ. ಆ ಎರಡೆಳೆಯೂ ರಂಗೋಲಿಯೇ, ಮರುದಿನ ಕೈ ಮತ್ತೆ ಡಬ್ಬಿಗೆ ಹೋಗುವ ಹಾಗೆ ಉಳಿಸಿದ್ದೇ ಅದು.

ನಿಮ್ಮ ಸರಳೆಗೂ ಇದನ್ನೇ ಮಾಡಿ. ಗಂಟೆ ನೋಡಿ ಸಮಯ ಗೊತ್ತುಮಾಡಬೇಡಿ, ಆಫೀಸು ಮಕ್ಕಳು ಇರುವ ಮನೆಯಲ್ಲಿ ಆರೂವರೆ ಅನ್ನುವುದು ನಿಲ್ಲುವುದಿಲ್ಲ. ದಿನಾ ತಪ್ಪದೆ ಆಗುವ ಒಂದು ಕೆಲಸದ ಬಾಲಕ್ಕೆ ಕಟ್ಟಿ. ದೇವರಿಗೆ ದೀಪ ಹಚ್ಚಿದ ಮೇಲೆ, ಮಕ್ಕಳ ಸ್ಕೂಲ್ ವ್ಯಾನ್ ಹೋದ ಮೇಲೆ, ಪಾಳಿ ಕೆಲಸದವರಾದರೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ. ನನ್ನದು ಕಾಫಿ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದ ಮೇಲೆ. ಡಿಕಾಕ್ಷನ್ ಇಳಿಯುವುದಕ್ಕೆ ಹೇಗೂ ಹದಿನೈದು ನಿಮಿಷ ಬೇಕು, ಅಷ್ಟರಲ್ಲಿ ನನ್ನ ಅಭ್ಯಾಸ ಮುಗಿದಿರುತ್ತದೆ. ಎರಡೆಳೆಯೂ ಇರಲಿ: ಏನೂ ಆಗದ ದಿನ ಶ್ರುತಿ ಹಾಕಿ, ಮೊದಲ ವರಸೆ ಮೊದಲ ಕಾಲದಲ್ಲಿ ಒಂದು ಸಲ. ಒಂದು ನಿಮಿಷವೂ ಬೇಡ ಅದಕ್ಕೆ.

ಒಂದು ಎಚ್ಚರ ಬೇಕು. ದಿನಾ ಮಾಡಿದರೆ ಸಾಕು, ಹೇಗೆ ಮಾಡಿದರೂ ಆಗುತ್ತದೆ ಅಂತಲ್ಲ. ಬಾಯಿಪಾಠದ ಹಾಗೆ ಸುಮ್ನೆ ಹಾಡಿಕೊಂಡು ಹೋದರೆ ವರ್ಷವಾದರೂ ರಿಷಭ ಅಲ್ಲೇ ಜಾರುತ್ತಿರುತ್ತದೆ. ಪ್ರತಿ ದಿನ ಒಂದೇ ಒಂದು ಜಾಗಕ್ಕೆ ಕಿವಿ ಕೊಡಿ. ತಿಂಗಳ ಮೊದಲ ದಿನ ಅದೇ ವರಸೆಯನ್ನು ಅದೇ ಶ್ರುತಿಯಲ್ಲಿ ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಟ್ಟುಬಿಡಿ. ಪ್ರತಿ ವಾರ ಕೇಳಬೇಡಿ, ವ್ಯತ್ಯಾಸ ಸಿಗದೆ ಬೇಜಾರಾಗುತ್ತದೆ. ಮೂರು ತಿಂಗಳಿಗೊಮ್ಮೆ ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ಕೇಳಿ. ಆ ಪೋಸ್ಟ್‌ಮ್ಯಾನ್‌ಗಳಿಗೆ ಅನ್ನಿಸಿದ್ದು ನಿಮಗೂ ಅನ್ನಿಸಿದಾಗ, ಈ ಎರಡು ರೆಕಾರ್ಡಿಂಗ್ ಕೈಗೆ ಸಿಗುವ ಹಾಗಿರಲಿ.

ಭಾನುವಾರದ 2 ಗಂಟೆ ನಿಜಕ್ಕೂ ಬಿಡುವಿದ್ದರೆ ಅದನ್ನು ಕಳೆದುಕೊಳ್ಳಬೇಡಿ. ಅವತ್ತೂ 15 ನಿಮಿಷ ಮಾತ್ರ ಹಾಡಿ, ಉಳಿದ ಹೊತ್ತು ಹತ್ತಿರದಲ್ಲಿ ಸಂಗೀತ ಕಛೇರಿ ಇದ್ದರೆ ಹೋಗಿ ಕೂತು ಕೇಳಿ. ಮಾಯಾಮಾಳವಗೌಳ ಹಾಡಿದರೆ ಆ ರಿ ಎಲ್ಲಿ ನಿಲ್ಲುತ್ತದೆ ಅಂತ ಗಮನಿಸಿ, ಸೋಮವಾರ ಬೆಳಗ್ಗೆ ಅಲ್ಲಿಂದಲೇ ಶುರು ಮಾಡಬಹುದು.