ಇಬ್ಬರು ಮಕ್ಕಳಿದ್ದರೂ ಒಂದೇ ಮಗುವಿನ ಲೆಕ್ಕ ಯಾಕೆ?

ಅಮೆರಿಕದಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವ ನಮ್ಮಂಥವರಿಗೆ ಫೆಬ್ರವರಿ ಬಂತೆಂದರೆ ಒಂದೇ ಪ್ರಶ್ನೆ, ಅದು ಮಕ್ಕಳ ಕ್ರೆಡಿಟ್ ಬಗ್ಗೆ, ಅಂದರೆ ಮಕ್ಕಳಿರುವವರಿಗೆ ತೆರಿಗೆಯಲ್ಲಿ ಬಿಡುವ ಹಣದ ಬಗ್ಗೆ. "ಮಗುವಿಗೆ 2,200 ಡಾಲರ್ ಅಂದ್ರಲ್ಲ, ನಮಗ್ಯಾಕೆ ಇಷ್ಟೇ?"

ಇಬ್ಬರು ಮಕ್ಕಳ ತಾಯಿಯೊಬ್ಬರು ಒಬ್ಬರೇ ದುಡಿದು ವರ್ಷಕ್ಕೆ 12,500 ಡಾಲರ್ ತರುತ್ತಾರೆ ಅಂದುಕೊಳ್ಳಿ. ಅಷ್ಟು ಸಂಬಳಕ್ಕೆ ಆದಾಯ ತೆರಿಗೆಯೇ ಬರುವುದಿಲ್ಲ. ಕಡಿತ ಮಾಡಲು ತೆರಿಗೆಯೇ ಇಲ್ಲದ್ದರಿಂದ ಮಕ್ಕಳ ಕ್ರೆಡಿಟ್ ರೀಫಂಡ್ ಆಗಿಯೇ ಕೈಗೆ ಸಿಗಬೇಕು. ಅದರ ಲೆಕ್ಕ ಹೀಗಿದೆ: ಮೊದಲ 2,500 ಬಿಟ್ಟು ಉಳಿದ ದುಡಿಮೆಯ ಶೇ 15. ಅಂದರೆ 1,500 ಡಾಲರ್. ಮಗು ಒಂದಿದ್ದರೂ ಅಷ್ಟೇ, ಇಬ್ಬರಿದ್ದರೂ ಅಷ್ಟೇ. ವರ್ಷಕ್ಕೆ 4 ಲಕ್ಷ ಡಾಲರ್ ದುಡಿಯುವ ದಂಪತಿಗೆ ಮಾತ್ರ ಇಬ್ಬರು ಮಕ್ಕಳಿಗೆ ಪೂರ್ತಿ 4,400!

ಸೆನೆಟರ್ ರಾನ್ ವೈಡನ್ ಮತ್ತು ಸಂಸದ ಜೇಸನ್ ಸ್ಮಿತ್ ಸೇರಿ ತಂದ 2024ರ ಮಸೂದೆ ಕೈ ಹಾಕಿದ್ದು ಇಲ್ಲಿಗೇ. ಈ ಲೆಕ್ಕವನ್ನು ಮಕ್ಕಳ ಸಂಖ್ಯೆಯಿಂದ ಗುಣಿಸಬೇಕು ಎಂದಿತು. ಆ ತಾಯಿಗೆ 3,000 ಸಿಗುತ್ತಿತ್ತು. ಒಬ್ಬರು ಡೆಮಾಕ್ರಟ್, ಇನ್ನೊಬ್ಬರು ರಿಪಬ್ಲಿಕನ್. ಕೆಳಮನೆಯಲ್ಲಿ 357–70ರಿಂದ ಪಾಸಾಯಿತು. ಆಗಸ್ಟ್ 1ರಂದು ಸೆನೆಟ್‌ನಲ್ಲಿ ಮುಂದುವರಿಯಲು 60 ಮತ ಬೇಕಿತ್ತು, ಬಿದ್ದದ್ದು 48.

2025ರ ಕಾನೂನು ಕ್ರೆಡಿಟ್ಟನ್ನು 2,000ದಿಂದ 2,200ಕ್ಕೆ ಏರಿಸಿತು. ಶೇ 15ರ ಲೆಕ್ಕ ಹಾಗೇ ಉಳಿಯಿತು. ಆ ತಾಯಿಗೆ ಒಂದು ಡಾಲರೂ ಜಾಸ್ತಿ ಆಗಲಿಲ್ಲ.

ತೆರಿಗೆ ಕಟ್ಟದವರಿಗೆ ಯಾಕೆ ಕೊಡಬೇಕು ಅಂತ ಕೇಳುವವರಿದ್ದಾರೆ. ಆ ತಾಯಿಯಂಥವರ ಸಂಬಳದಿಂದಲೂ ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ಅಂತ ಶೇ 7.65 ಹಿಡಿಯುತ್ತಾರೆ, ಅದೂ ತೆರಿಗೆಯೇ ಅಲ್ವಾ? 2021ರಲ್ಲಿ ಒಂದು ವರ್ಷ ಈ ದುಡಿಮೆಯ ಷರತ್ತನ್ನೇ ತೆಗೆದು 3,000–3,600 ಡಾಲರ್ ಕೊಟ್ಟಾಗ ಮಕ್ಕಳ ಬಡತನ ಶೇ 5.2ಕ್ಕೆ ಇಳಿದಿತ್ತು. ನಿಲ್ಲಿಸಿದ ಮರುವರ್ಷ ಅದು ಶೇ 12.4. ಹಾಗಾಗಿ ಯಾವ ಹೊಸ ಮಸೂದೆ ಬಂದರೂ ನಾನು ದೊಡ್ಡ ಅಂಕಿ ಬಿಟ್ಟು ಮೊದಲು ಶೇ 15ರ ಸಾಲನ್ನು ಹುಡುಕುತ್ತೇನೆ.

ನಮ್ಮ ಕನ್ನಡದ ಮನೆಗಳಿಗೆ ಬೇರೆಯದೇ ತೊಡಕಿದೆ. ಊರಲ್ಲಿ ಹುಟ್ಟಿ ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಬಂದ ದೊಡ್ಡ ಮಗುವಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ. ಆ ನಂಬರ್ ಇಲ್ಲದವರಿಗೆ ಕೊಡುವ ತೆರಿಗೆ ನಂಬರ್ ಐಟಿಐಎನ್ ಮೇಲೆ ಸಿಗುವುದು 500 ಮಾತ್ರ. ಇಲ್ಲೇ ಹುಟ್ಟಿದ ಚಿಕ್ಕದಕ್ಕೆ 2,200. ಗ್ರೀನ್ ಕಾರ್ಡ್ ಬಂದ ಕೂಡಲೇ ದೊಡ್ಡದರ ನಂಬರ್‌ಗೆ ಅರ್ಜಿ ಹಾಕಿ. ರಿಟರ್ನ್ ಗಡುವಿನೊಳಗೆ ನಂಬರ್ ಬರದಿದ್ದರೆ ಆ ವರ್ಷದ ಪೂರ್ತಿ ಕ್ರೆಡಿಟ್ ಆಮೇಲೆ ಕೇಳಿದರೂ ಸಿಗುವುದಿಲ್ಲ. ತಡವಾಗುವಂತಿದ್ದರೆ ಏಪ್ರಿಲ್‌ನಲ್ಲೇ ಎಕ್ಸ್‌ಟೆನ್ಷನ್ ಹಾಕಿ, ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ.