ಸೊಂಟದ ಕೀಲು ಸವೆತ: ಹೆಸರು ಒಂದು ಕಡೆ, ನೋವು ಇನ್ನೊಂದು ಕಡೆ

ನಮ್ಮ ದೊಡ್ಡಮ್ಮ ಈಳಿಗೆ ಮಣೆ ಬಿಟ್ಟು, ನಿಂತುಕೊಂಡು ಚಾಕುವಿನಲ್ಲಿ ತರಕಾರಿ ಹೆಚ್ಚಲು ಶುರು ಮಾಡಿದಾಗ ಮನೆಯವರೆಲ್ಲ ನಕ್ಕಿದ್ದೆವು. 62ನೇ ವಯಸ್ಸಿಗೆ ಮಾಡರ್ನ್ ಆಗಿಬಿಟ್ಟರು ಅಂತ. ಅವರಿಗೆ ಕೆಳಗೆ ಕೂರಲು ಆಗುತ್ತಿಲ್ಲ ಅನ್ನೋದು ಯಾರಿಗೂ ಹೊಳೆಯಲಿಲ್ಲ. ಕೇಳಿದರೆ "ಮಂಡಿ ನೋವು ಕಣೋ" ಅನ್ನುತ್ತಿದ್ದರು. ಮಂಡಿಗೆ ಎಣ್ಣೆ ಬಿತ್ತು, ಮುಲಾಮು ಬಿತ್ತು, ಎಕ್ಸ್-ರೇ ಕೂಡ ಆಯಿತು. ಎಕ್ಸ್-ರೇಯಲ್ಲಿ ಮಂಡಿ ಚೆನ್ನಾಗಿಯೇ ಇತ್ತು. ಹೀಗೇ ಒಂದೂವರೆ ವರ್ಷ ಹೋಯಿತು. ಕೊನೆಗೆ ಒಬ್ಬ ಮೂಳೆ ಡಾಕ್ಟರು ಅವರನ್ನು ಅಂಗಾತ ಮಲಗಿಸಿ, ಕಾಲು ಮಡಚಿ, ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದರು. ದೊಡ್ಡಮ್ಮ "ಅಯ್ಯೋ" ಅಂದರು. ಕೈ ಹೋಗಿದ್ದು ಮಂಡಿಗಲ್ಲ, ತೊಡೆಸಂದಿಗೆ. ಚೀಟಿಯಲ್ಲಿ ಬರೆದುಕೊಟ್ಟ ಹೆಸರು: ಹಿಪ್ ಆಸ್ಟಿಯೋಆರ್ಥ್ರೈಟಿಸ್.

ಎರಡನೇ ಪದ ಗ್ರೀಕ್ ಮೂಲದ್ದು. ಆಸ್ಟಿಯಾನ್ ಅಂದರೆ ಮೂಳೆ, ಆರ್ಥ್ರಾನ್ ಅಂದರೆ ಕೀಲು, ಐಟಿಸ್ ಅಂದರೆ ಉರಿಯೂತ. ಅದು ಬಿಡಿ, ಕಷ್ಟ ಕೊಡೋದು ಮೊದಲನೇ ಪುಟ್ಟ ಪದ. ಹಿಪ್ ಅನ್ನೋದಕ್ಕೆ ನಾವು 'ಸೊಂಟ' ಅನ್ನುತ್ತೇವೆ. ಆದರೆ ಡಾಬು ಕಟ್ಟುವುದು ಸೊಂಟಕ್ಕೆ, ಮಗುವನ್ನು ಎತ್ತಿಕೊಳ್ಳುವುದು ಸೊಂಟದ ಮೇಲೆ. ಬಡಗಣ ಕರ್ನಾಟಕದವರ ಟೊಂಕವೂ ಅದೇ, ನಡುವೂ ಅದೇ. ಮೂರು ಪದ ಇದ್ದರೂ ಮೂರೂ ಕೀಲಿನ ಮೇಲಿನ ಜಾಗವನ್ನೇ ತೋರಿಸುತ್ತವೆ. 'ಸೊಂಟ ನೋವು' ಅಂತ ಹೇಳಿ ಬರುವವರಲ್ಲಿ ಹೆಚ್ಚಿನವರಿಗೆ ನೋವಿರುವುದು ಬೆನ್ನಿನ ಬುಡದಲ್ಲಿ. ನಿಜವಾಗಿ ಹಿಪ್ ಕೀಲು ಕೆಟ್ಟವರು ತೊಡೆಸಂದು, ತೊಡೆಯ ಮುಂಭಾಗ, ಕೆಲವೊಮ್ಮೆ ಬರೀ ಮಂಡಿ ತೋರಿಸುತ್ತಾರೆ. ತೊಡೆಕೀಲಿಗೂ ಮಂಡಿಗೂ ಹೋಗುವ ನರಗಳಲ್ಲಿ ಕೆಲವು ಒಂದೇ ಆಗಿರುವುದರಿಂದ ಈ ಗೊಂದಲ. ನನ್ನನ್ನು ಕೇಳಿದರೆ 'ತೊಡೆಕೀಲು' ಅನ್ನೋದೇ ಸರಿಯಾದ ಹೆಸರು. ಕೇಳಿದ ಕೂಡಲೇ ಕೈ ಸರಿಯಾದ ಜಾಗಕ್ಕೆ ಹೋಗುತ್ತದೆ.

ಈ ಕೀಲು ಒಂದು ಗುಂಡು ಮತ್ತು ಒಂದು ಬಟ್ಟಲು. ತೊಡೆಮೂಳೆಯ ತುದಿಯ ಗುಂಡು ದೊಡ್ಡ ನಿಂಬೆಹಣ್ಣಿನಷ್ಟಿರುತ್ತದೆ. ಅದು ಕೂರುವ ಬಟ್ಟಲಿಗೆ ವೈದ್ಯರು ಅಸಿಟಾಬ್ಯುಲಮ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಹಾಗೆಂದರೆ ವಿನಿಗರ್ ಬಟ್ಟಲು. ರೋಮನ್ನರು ಊಟಕ್ಕೆ ಕೂತಾಗ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ ಪುಟ್ಟ ಪಾತ್ರೆ! ಗುಂಡಿಗೂ ಬಟ್ಟಲಿಗೂ ಕೆಲವೇ ಮಿಲಿಮೀಟರ್ ದಪ್ಪದ ಮೆತ್ತೆ ಇರುತ್ತದೆ. ಎಳನೀರಿನ ಒಳಗಿನ ತಿರುಳಿನ ಹಾಗೆ ಬೆಳ್ಳಗೆ, ನುಣ್ಣಗೆ. ಅದೇ ಕಾರ್ಟಿಲೇಜ್, ಕನ್ನಡದಲ್ಲಿ ಮೃದ್ವಸ್ಥಿ. ಅದರೊಳಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ಹಾಗಾಗಿ ಅದು ತೆಳ್ಳಗಾಗಲು ಶುರುವಾದಾಗ ಸುಳಿವೇ ಸಿಗುವುದಿಲ್ಲ. ಕೆಳಗಿನ ಮೂಳೆ, ಸುತ್ತಲಿನ ಪೊರೆ ಕೆರಳಿದ ಮೇಲೆ ನೋವು.

ಇಲ್ಲಿ ಇನ್ನೊಂದು ಪದ ನಮ್ಮ ದಾರಿ ತಪ್ಪಿಸುತ್ತದೆ: ಸವೆತ. "ಕೀಲು ಸವೆದಿದೆ" ಅಂದ ಕೂಡಲೇ ನಮಗೆ ನೆನಪಾಗುವುದು ಸ್ಕೂಟರ್ ಟೈರು. ಓಡಿಸಿದಷ್ಟೂ ಸವೆಯುತ್ತದೆ, ಆದ್ದರಿಂದ ಓಡಿಸಬಾರದು, ಅಲ್ವಾ? ಪಕ್ಕದ ಮನೆಯವರು ಬಂದು ಹೇಳಿದ್ದೂ ಅದನ್ನೇ: "ಇನ್ಮೇಲೆ ಜಾಸ್ತಿ ಓಡಾಡಬೇಡಿ." ದೊಡ್ಡಮ್ಮ ಅದನ್ನು ನಂಬಿ ಆರು ತಿಂಗಳು ಕುರ್ಚಿ ಹಿಡಿದರು. ನೋವು ಕಡಿಮೆಯಾಗಲಿಲ್ಲ, ತೊಡೆ ಮಾತ್ರ ಸೊರಗಿತು.

ಟೈರಿಗೆ ಜೀವ ಇಲ್ಲ, ಕೀಲಿಗೆ ಇದೆ. ರಕ್ತನಾಳ ಇಲ್ಲದ ಆ ಮೆತ್ತೆಗೆ ಆಹಾರ ಸಿಗುವುದು ಕೀಲಿನೊಳಗಿನ ದ್ರವದಿಂದ. ಹೆಜ್ಜೆ ಊರಿದಾಗ ಸ್ಪಂಜಿನ ಹಾಗೆ ಒತ್ತಿಕೊಳ್ಳುತ್ತದೆ, ಎತ್ತಿದಾಗ ಹೀರಿಕೊಳ್ಳುತ್ತದೆ. ಸುಮ್ನೆ ಕೂತರೆ ಅದು ಹಸಿದುಕೊಂಡಿರುತ್ತದೆ. ಅದಕ್ಕೇ ಈ ಕಾಯಿಲೆಯ ಮೊದಲ ಮದ್ದು ವ್ಯಾಯಾಮ, ಮಾತ್ರೆ ಆಮೇಲೆ. ಕುಂಡೆ ಮತ್ತು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿತು, ಮನೆಯಲ್ಲಿ ತಿಂಗಳುಗಟ್ಟಲೆ ಮಾಡಬೇಕು. ಸ್ವಲ್ಪ ನೋವಾದರೆ ಹೆದರಬೇಕಿಲ್ಲ. ಮಾರನೇ ದಿನವೂ ಜಾಸ್ತಿಯೇ ಇದ್ದರೆ ವ್ಯಾಯಾಮವನ್ನು ಸ್ವಲ್ಪ ಕಡಿಮೆ ಮಾಡಬೇಕು, ಅಷ್ಟೇ.

ಮೂರನೇ ಪದ 'ವಾತ'. ಸಂಧಿವಾತ ಅಂದ ಕೂಡಲೇ ಆಲೂಗಡ್ಡೆ ಬಂದ್, ಬದನೆಕಾಯಿ ಬಂದ್. ಪಾಪ, ಬದನೆಕಾಯಿ ಏನು ಮಾಡಿತ್ತು? ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ರುಮಟಾಯ್ಡ್ ಕಾಯಿಲೆಗೂ ನಾವು ಸಂಧಿವಾತ ಅಂತಲೇ ಅನ್ನುತ್ತೇವೆ. ಅದು ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ಬೇರೆ ರೋಗ, ಔಷಧವೂ ಬೇರೆ. ಬೆಳಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಸಾಮಾನ್ಯವಾಗಿ ಸವೆತ. ಒಂದು ಗಂಟೆ ದಾಟಿ, ಬೆರಳ ಗೆಣ್ಣುಗಳೂ ಊದಿಕೊಂಡರೆ ಅದು ಆ ಇನ್ನೊಂದು ಇರಬಹುದು, ತಡ ಮಾಡಬಾರದು.

ಇದು ಬರೀ ವಯಸ್ಸಾದವರ ಕಾಯಿಲೆಯೂ ಅಲ್ಲ. ಹುಟ್ಟುವಾಗಲೇ ಬಟ್ಟಲು ಆಳವಿಲ್ಲದವರು, ಚಿಕ್ಕಂದಿನಲ್ಲಿ ಈ ಕೀಲಿಗೆ ಪೆಟ್ಟು ಬಿದ್ದವರು, ಸ್ಟೀರಾಯ್ಡ್ ಅಥವಾ ಅತಿಯಾದ ಕುಡಿತದಿಂದ ತೊಡೆಮೂಳೆಯ ಗುಂಡಿಗೆ ರಕ್ತ ಹರಿಯುವುದು ನಿಂತುಹೋದವರು 30-40ಕ್ಕೇ ಕುಂಟಲು ಶುರು ಮಾಡುತ್ತಾರೆ. ನಮ್ಮಲ್ಲೇ ಒಂದು ಉದಾಹರಣೆ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ಮುಖ್ಯವಾಗಿ ತೊಡೆಕೀಲನ್ನೇ ಹಾಳು ಮಾಡುತ್ತದೆ. ಮೊದಲು ಗದ್ದೆಯ ಏಡಿ ಮತ್ತು ಕೀಟನಾಶಕದ ಮೇಲೆ ಅನುಮಾನ ಬಿತ್ತು. ಆಮೇಲೆ ಅದು ಕುಟುಂಬದೊಳಗೆ ಹರಿದು ಬರುವ ಮೂಳೆ ಬೆಳವಣಿಗೆಯ ದೋಷ ಅಂತ ಗೊತ್ತಾಯಿತು. ಕೂಲಿ ಮಾಡಿ ಬದುಕುವ ಮನೆಗಳಲ್ಲಿ ದುಡಿಯುವ ಕಾಲನ್ನೇ ಹಿಡಿದ ರೋಗ ಅದು.

ದಿನನಿತ್ಯದ ಉಪಾಯಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಊರುಗೋಲು, ಯಾಕೆಂದರೆ ಹೆಚ್ಚಿನವರು ಅದನ್ನು ತಪ್ಪು ಕೈಯಲ್ಲಿ ಹಿಡಿಯುತ್ತಾರೆ. ದೊಡ್ಡಮ್ಮನಿಗೆ ನೋವು ಎಡಗಡೆ, ಕೋಲೂ ಎಡಗೈಯಲ್ಲೇ ಇತ್ತು. ಕೋಲು ಇರಬೇಕಾದ್ದು ಎದುರು ಕೈಯಲ್ಲಿ. ನಡೆಯುವಾಗ ಎಡಗಾಲ ಮೇಲೆ ನಿಂತ ಕ್ಷಣ ಮೈ ಬಲಕ್ಕೆ ವಾಲದಂತೆ ಎಡ ಕುಂಡೆಯ ಸ್ನಾಯು ಎಳೆದು ಹಿಡಿಯುತ್ತದೆ. ಈ ಎಳೆತವೂ ಸೇರಿ ಕೀಲಿನ ಮೇಲೆ ಮೈತೂಕದ ಎರಡೂವರೆ-ಮೂರು ಪಟ್ಟು ಭಾರ ಬೀಳುತ್ತದೆ. ಬಲಗೈಯ ಕೋಲು ಆ ವಾಲುವಿಕೆಯನ್ನು ತಡೆದರೆ ಸ್ನಾಯು ಅಷ್ಟು ಎಳೆಯಬೇಕಾಗಿಲ್ಲ. ಮೈತೂಕ ಐದು ಕೆ.ಜಿ. ಇಳಿದರೂ ಕೀಲಿಗೆ ಯಾಕೆ ಅಷ್ಟು ಹಗುರ ಅನ್ನಿಸುತ್ತದೆ ಅಂತ ಇದೇ ಲೆಕ್ಕದಿಂದ ತಿಳಿಯುತ್ತದೆ.

ಮುಲಾಮು ಮಂಡಿಗೆ ಸ್ವಲ್ಪ ಕೆಲಸ ಮಾಡಬಹುದು. ತೊಡೆಕೀಲು ಮಾಂಸದ ಅಡಿಯಲ್ಲಿ ಆಳದಲ್ಲಿದೆ, ಅಲ್ಲಿಗೆ ತಲುಪುವುದಿಲ್ಲ. ನೋವಿನ ಮಾತ್ರೆ ಬೇಕಾದಾಗ, ಬೇಕಾದಷ್ಟೇ. ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಕೀಲಿಗೆ ಒಳ್ಳೆಯದು ಅಂತ ಮಾರುವ ಗ್ಲೂಕೋಸಮೈನ್ ಡಬ್ಬಿಗೆ ಕೊಡುವ ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಅಮೆರಿಕದ ಕೀಲುವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಅದು ಬೇಡ ಅಂತ ಖಡಾಖಂಡಿತವಾಗಿ ಹೇಳಿದೆ. ಸ್ಕ್ಯಾನ್ ನೋಡಿಕೊಂಡು ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದಿನಿಂದ ಕೆಲವು ವಾರ ಆರಾಮ ಸಿಗಬಹುದು.

ರಾತ್ರಿ ನಿದ್ದೆ ಕೆಡುವಷ್ಟು ನೋವು ಬಂದರೆ ಕೀಲು ಬದಲಾವಣೆಯ ಮಾತು ಬರುತ್ತದೆ. ಇಂಗ್ಲೆಂಡಿನ ಮೂಳೆ ಸರ್ಜನ್ ಜಾನ್ ಚಾರ್ನ್‌ಲೀ ಮೊದಲು ಟೆಫ್ಲಾನ್ ಬಟ್ಟಲು ಹಾಕಿ ಸೋತರು. ಅದು ಬೇಗ ಸವೆದುಹೋಯಿತು. 1962ರಲ್ಲಿ ಗಟ್ಟಿ ಪಾಲಿಥೀನ್ ಬಟ್ಟಲು, ಲೋಹದ ಗುಂಡು ಹಾಕಿ ಗೆದ್ದರು. ಹೆಚ್ಚುಕಡಿಮೆ ಅದೇ ತತ್ವ ಇಂದಿಗೂ ನಡೆಯುತ್ತಿದೆ. ಸುಮಾರು 58% ಜನರಲ್ಲಿ ಹೊಸ ಕೀಲು 25 ವರ್ಷ ಬಾಳುತ್ತದೆ ಅಂತ 2019ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಎಕ್ಸ್-ರೇ ಕೆಟ್ಟದಾಗಿದೆ ಅನ್ನುವ ಒಂದೇ ಕಾರಣಕ್ಕೆ ಆಪರೇಷನ್‌ಗೆ ಓಡಬೇಕಿಲ್ಲ. ಚಿತ್ರಕ್ಕೂ ನೋವಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ದೊಡ್ಡಮ್ಮ ಇನ್ನೂ ಆಪರೇಷನ್ ಮಾಡಿಸಿಕೊಂಡಿಲ್ಲ. ಕೋಲು ಬಲಗೈಗೆ ಬಂದಿದೆ, ಕಮೋಡು ಎತ್ತರವಾಗಿದೆ, ಬೆಳಗ್ಗೆ ಕಾಫಿಗೆ ಮೊದಲು ಗೋಡೆ ಹಿಡಿದು ವ್ಯಾಯಾಮ ನಡೆಯುತ್ತದೆ. ಚಾಕು ಮಾತ್ರ ಅವರಿಗೆ ಕೊನೆಗೂ ಒಗ್ಗಲಿಲ್ಲ. ಅಡುಗೆಮನೆಯ ಕಟ್ಟೆಗೆ ಸಿಕ್ಕಿಸುವ ಈಳಿಗೆ ತಂದುಕೊಟ್ಟಿದ್ದೇನೆ. ಅದರಲ್ಲಿ ನಿಂತುಕೊಂಡೇ ಬದನೆಕಾಯಿ ಹೆಚ್ಚುತ್ತಿದ್ದಾರೆ.